ಹಣ್ಣು ಸಂಘಕ್ಕೆ ಕೊಡಲೋ, ವ್ಯಾಪಾರಿಗೋ?

ಪ್ರಶ್ನೆ: ನಮ್ಮದು ಗುಡ್ಡದ ಮೇಲೆ ಎರಡು ಎಕರೆ ಅರೇಬಿಕಾ ಕಾಫಿ ತೋಟ. ಸುತ್ತಲಿನ ಸಣ್ಣ ಬೆಳೆಗಾರರು ಸೇರಿ ಸಹಕಾರ ಸಂಘ ಮಾಡುತ್ತಿದ್ದಾರೆ, ನನ್ನನ್ನೂ ಕರೆಯುತ್ತಿದ್ದಾರೆ. ವ್ಯಾಪಾರಿಯಾದರೆ ತೋಟದ ಬಾಗಿಲಿಗೇ ಬಂದು ದುಡ್ಡು ಎಣಿಸಿ ಕೊಡುತ್ತಾನೆ. ಸಂಘದವರು ಈಗ ಸ್ವಲ್ಪ, ಉಳಿದದ್ದು ಆಮೇಲೆ ಅನ್ನುತ್ತಾರೆ. ಸೇರಿದರೆ ನಿಜವಾಗಿ ಲಾಭ ಇದೆಯಾ?

ಉತ್ತರ: ಇದೆ. ಆದರೆ ಸಂಘ ಸೇರಿದ ಕೂಡಲೇ ರೇಟು ಏರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ಲೆಕ್ಕ ನೋಡಿ. ಕಾಫಿ ಹಡಗು ಹತ್ತುವುದು ಕಂಟೇನರ್‌ನಲ್ಲಿ. ಅದರಲ್ಲಿ ಸಾಮಾನ್ಯವಾಗಿ 60 ಕೆಜಿಯ 320 ಮೂಟೆ ಹಿಡಿಯುತ್ತದೆ, ಅಂದರೆ 19 ಟನ್ ಚಿಲ್ಲರೆ. ನಿಮಗೆ ವರ್ಷಕ್ಕೆ 500 ಕೆಜಿ ಬೀಜ ಸಿಕ್ಕಿತು ಅಂತಿಟ್ಟುಕೊಳ್ಳಿ. ಒಂದು ಕಂಟೇನರ್ ತುಂಬಲು ನಿಮ್ಮಂಥ ಸುಮಾರು 40 ಮನೆ ಬೇಕು. ಒಬ್ಬರೇ ಇದ್ದರೆ ನಿಮ್ಮ ಕಾಫಿ ಕೊಳ್ಳುವವನ ಮುಖ ಕೂಡ ನೀವು ನೋಡುವುದಿಲ್ಲ. ನಡುವೆ ಎಷ್ಟು ಕೈ ಇದ್ದರೆ ಅಷ್ಟು ಕಡೆ ದುಡ್ಡು ಸೋರುತ್ತದೆ.

ಆದರೆ 40 ಮನೆಯ ಕಾಫಿಯನ್ನು ಸುಮ್ನೆ ಒಂದೇ ರಾಶಿಗೆ ಸುರಿದರೆ ಏನೂ ಆಗಲ್ಲ. ಒಬ್ಬರು ಅದೇ ಸಂಜೆ ಹಣ್ಣು ಪಲ್ಪ್ ಮಾಡಿ ಸಿಪ್ಪೆ ಬಿಡಿಸಿರುತ್ತಾರೆ, ಇನ್ನೊಬ್ಬರು ಮರುದಿನ ಮಧ್ಯಾಹ್ನ. ಚೀಲದಲ್ಲಿ ರಾತ್ರಿ ಕಳೆದ ಹಣ್ಣು ಬಿಸಿಯಾಗುತ್ತದೆ, ಹುಳಿ ವಾಸನೆ ಬರುತ್ತದೆ. ಹಾಗೆ ಕೆಟ್ಟ ನಾಲ್ಕು ಬೀಜ ಸಾಕು, ಲೋಟದ ಕಾಫಿ ಪೂರ್ತಿ ಹಾಳು. ಸಂಘದ ದುಡಿಮೆ ಇರುವುದೇ ಇಲ್ಲಿ: ಎಲ್ಲರ ಹಣ್ಣು ಕುಯ್ದ ದಿನವೇ ಒಂದೇ ಪಲ್ಪರ್‌ಗೆ ಬೀಳಬೇಕು, ಬೀಜಕ್ಕೆ ಅಂಟಿದ ಲೋಳೆ ಬಿಡಲು ಒಂದೇ ತೊಟ್ಟಿಯಲ್ಲಿ ಹುದುಗಬೇಕು, ಒಂದೇ ಹದದಲ್ಲಿ ಒಣಗಬೇಕು. ತೊಟ್ಟಿಯ ಹದ ನೋಡಲು ಮೀಟರ್ ಕೂಡ ಬೇಡ. ಒಂದು ಹಿಡಿ ಬೀಜ ನೀರಲ್ಲಿ ತೊಳೆದು ಅಂಗೈಯಲ್ಲಿ ಉಜ್ಜಿ. ಜಾರಿದರೆ ಇನ್ನೂ ಆಗಿಲ್ಲ. ಸಣ್ಣ ಕಲ್ಲು ಉಜ್ಜಿದ ಹಾಗೆ ಕರಕರ ಅಂದರೆ ಲೋಳೆ ಬಿಟ್ಟಿದೆ, ತೊಳೆಯಬಹುದು. ಚಳಿ ಜಾಸ್ತಿ ಇದ್ದರೆ ಇದಕ್ಕೆ ಒಂದೂವರೆ ದಿನವೂ ಹಿಡಿಯುತ್ತದೆ. ಗಡಿಯಾರ ನೋಡಿ ತೊಳೆಯುವವರ ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ, ಒಳಸಿಪ್ಪೆ ಇರುವ ಬೀಜ) ಒಂದೊಂದು ದಿನ ಒಂದೊಂದು ಥರ ಬರುತ್ತದೆ.

ಹಾಗಾಗಿ ಸೇರುವ ಮೊದಲು ಕೊಯ್ಲಿನ ಕಾಲದಲ್ಲಿ ಒಂದು ಸಂಜೆ ಆ ಸಂಘದ ತೂಕದ ಜಾಗಕ್ಕೆ ಹೋಗಿ ನಿಂತುಕೊಳ್ಳಿ. ಇನ್ನೂ ಶುರುವಾಗಿಲ್ಲ ಅಂದರೆ ಮೊದಲ ಕೊಯ್ಲಿಗೆ ಹೋಗಿ. ತಕ್ಕಡಿಯ ಮುಳ್ಳು ಹಣ್ಣು ತಂದವರಿಗೂ ಕಾಣುತ್ತದಾ? ಚೀಟಿ ಆಗಲೇ ಕೈಗೆ ಬರುತ್ತದಾ? ಹಣ್ಣನ್ನು ನೀರಿಗೆ ಸುರಿದು ತೇಲುವುದನ್ನು ಬೇರೆ ಮಾಡುತ್ತಾರಾ? ತೇಲುವುದು ಜೊಳ್ಳು, ಇಲ್ಲವೇ ಹುಳು ಕೊರೆದದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಹಸಿರು ಕಾಯಿ ಬಂದರೆ ವಾಪಸ್ ಕಳಿಸುವ ಧೈರ್ಯ ಯಾರಿಗಾದರೂ ಇದೆಯಾ? ನಾನು ಒಂದು ಸಂಘದ ಲೆಕ್ಕ ಬರೆಯುತ್ತಿದ್ದಾಗ, ಅಧ್ಯಕ್ಷರ ಭಾಮೈದ ತಂದ ಎರಡು ಚೀಲ ಅರೆಹಸಿರು ಹಣ್ಣು ಮಾತಿಲ್ಲದೆ ಒಳಗೆ ಹೋಯಿತು. ಮರುದಿನ ಸಾಲಿನಲ್ಲಿದ್ದ ಅರ್ಧ ಜನರ ಚೀಲದಲ್ಲಿ ಹಸಿರು ಕಾಣಿಸಿತು. ಅವರದ್ದೇನೂ ತಪ್ಪಿಲ್ಲ ಬಿಡಿ. ಆರಿಸಿ ಕುಯ್ಯಲು ಕೂಲಿ ಎರಡು ಸಲ ಕೊಡಬೇಕು. ಬೆಲೆ ಒಂದೇ ಆದರೆ ಯಾರು ಕೊಡುತ್ತಾರೆ?

ಇನ್ನು ದುಡ್ಡು. ಸಂಘ ತಡಮಾಡುವುದು ಹೆಚ್ಚಿನ ಸಲ ಮೋಸದಿಂದಲ್ಲ. ಹಣ್ಣು ಕೊಳ್ಳಲು ಇವತ್ತು ನಗದು ಬೇಕು, ಕಾಫಿ ಮಾರಿದ ಹಣ ಬರುವುದು ತಿಂಗಳುಗಟ್ಟಲೆ ಆದಮೇಲೆ. ಆ ನಡುವಿನ ಹಣ ಎಲ್ಲಿಂದ ತರುತ್ತೀರಿ ಅಂತ ನೇರವಾಗಿ ಕೇಳಿ. ಫೇರ್‌ಟ್ರೇಡ್ (ಸಣ್ಣ ಬೆಳೆಗಾರರಿಗೆ ಕನಿಷ್ಠ ಬೆಲೆ ಖಾತ್ರಿ ಮಾಡುವ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ವ್ಯವಸ್ಥೆ) ನಿಯಮದಲ್ಲಿ ಸಂಘ ಕೇಳಿದರೆ ಕೊಳ್ಳುವವರು ಒಪ್ಪಂದದ ಮೊತ್ತದಲ್ಲಿ 60 ಶೇಕಡಾದವರೆಗೆ ಮುಂಗಡಕ್ಕೆ ದಾರಿ ಮಾಡಬೇಕು. ಅದನ್ನು ಕೇಳದೇ ಬಿಡುವ ಸಂಘಗಳೂ ಇವೆ.

ಇನ್ನೊಂದು ವಿಷಯ ನಿಮಗೇ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಸಂಘ ಮುಳುಗುವುದು ಬೆಲೆ ಬಿದ್ದ ವರ್ಷದಲ್ಲಿ ಮಾತ್ರ ಅಲ್ಲ, ಏರಿದ ವರ್ಷದಲ್ಲೂ. ತೊಳೆದ ಅರೇಬಿಕಾಗೆ 2023ರಲ್ಲಿ ಫೇರ್‌ಟ್ರೇಡ್ ಕಟ್ಟಿದ ಕನಿಷ್ಠ ಬೆಲೆ ಪೌಂಡಿಗೆ (ಸುಮಾರು 450 ಗ್ರಾಂ) 1.80 ಡಾಲರ್ ಇತ್ತು. 2025ರ ಫೆಬ್ರವರಿಯಲ್ಲಿ ಮಾರುಕಟ್ಟೆಯೇ 4 ಡಾಲರ್ ದಾಟಿತು. ಮೊದಲೇ ಬೆಲೆ ಕಟ್ಟಿ ಸಹಿ ಹಾಕಿದ ಸಂಘ ಇಂಥ ಹೊತ್ತಲ್ಲಿ ಸಿಕ್ಕಿಬೀಳುತ್ತದೆ. ಸದಸ್ಯರು ರಾತ್ರೋರಾತ್ರಿ ವ್ಯಾಪಾರಿಗೆ ಹಣ್ಣು ಕೊಡುತ್ತಾರೆ, ಸಂಘದ ಕೈಯಲ್ಲಿ ಒಪ್ಪಂದ ಇರುತ್ತದೆ, ಕಾಫಿ ಇರಲ್ಲ. ಆದ್ದರಿಂದ ಒಂದು ಪಾಲು ಹೊರಗೆ ಮಾರುವ ಆಸೆ ಇದ್ದರೆ ಮೊದಲೇ ಹೇಳಿ ಬರೆಸಿಕೊಳ್ಳಿ. ವ್ಯಾಪಾರಿಯೂ ಶತ್ರು ಅಲ್ಲ. ಮಗಳ ಫೀಸು ಕಟ್ಟುವ ದಿನ ನಗದು ಕೊಟ್ಟವನು ಅವನೇ ಅಲ್ವಾ.

ಪ್ರಶ್ನೆ: ಎತ್ತರದ ಕಾಫಿಗೆ ರುಚಿ ಜಾಸ್ತಿ ಅನ್ನುವುದು ನಿಜವಾ? ಪ್ಯಾಕೆಟ್ ಮೇಲೆ ಬರೆಯಲು ಚೆಂದ ಅಂತಾನಾ?

ಉತ್ತರ: ಅರ್ಧ ನಿಜ. ಎತ್ತರದಲ್ಲಿ ರಾತ್ರಿ ತಂಪಿರುತ್ತದೆ, ಹಣ್ಣು ನಿಧಾನವಾಗಿ ಕೆಂಪಾಗುತ್ತದೆ, ಬೀಜ ಗಟ್ಟಿಯಾಗುತ್ತದೆ. ಕುಡಿದಾಗ ತಿಳಿಹುಳಿ, ಸಿಹಿ ಎರಡೂ ಎದ್ದು ಬರುತ್ತವೆ. ಆದರೆ ಕೆಲಸ ಮಾಡುವುದು ಎತ್ತರದ ಅಳತೆ ಅಲ್ಲ, ತಂಪು. ಸಮಭಾಜಕ ವೃತ್ತದಿಂದ ದೂರ ಹೋದ ಹಾಗೆ ಅದೇ ತಂಪು ಕಡಿಮೆ ಎತ್ತರದಲ್ಲೇ ಸಿಗುತ್ತದೆ. ಹವಾಯಿಯ ಹೆಸರುವಾಸಿ ಕೋನಾ ಕಾಫಿ ಬೆಳೆಯುವುದು ಬಹುಪಾಲು 900 ಮೀಟರ್‌ಗಿಂತ ಕೆಳಗೆ. ಆ ತಂಪೂ ಈಗ ಮೊದಲಿನ ಹಾಗಿಲ್ಲ. 2012ರಲ್ಲಿ ಮಧ್ಯ ಅಮೆರಿಕದಲ್ಲಿ, ಬೆಚ್ಚಗಿನ ಕಡೆ ಹೆಚ್ಚು ಕಾಡುವ ಎಲೆ ತುಕ್ಕು ರೋಗ ಎದ್ದಾಗ, ಇಷ್ಟು ಮೇಲೆ ಬರಲ್ಲ ಅಂದುಕೊಂಡಿದ್ದ ತೋಟಗಳನ್ನೂ ಬಿಡಲಿಲ್ಲ.

ಪ್ರಶ್ನೆ: ನಾವು ರಾಸಾಯನಿಕ ಗೊಬ್ಬರ ಬಿಟ್ಟು ಎಷ್ಟೋ ವರ್ಷ ಆಯಿತು. ಹಾಗಿದ್ದರೆ ನಮ್ಮದು ಸಾವಯವವೇ ಅಲ್ವಾ? ಒಬ್ಬೊಬ್ಬರೂ ಸರ್ಟಿಫಿಕೇಟ್ ಮಾಡಿಸಬೇಕಾ?

ಉತ್ತರ: ತೋಟದಲ್ಲಿ ಇರಬಹುದು, ಕಾಗದದಲ್ಲಿ ಅಲ್ಲ. ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಸಾಮಾನ್ಯವಾಗಿ ಮೂರು ವರ್ಷದ ದಾಖಲೆ ಕೇಳುತ್ತಾರೆ. ಒಬ್ಬೊಬ್ಬರೇ ಮಾಡಿಸಿದರೆ ಖರ್ಚು ಬೆಳೆಯನ್ನೇ ನುಂಗುತ್ತದೆ. ಅದಕ್ಕೇ ಗುಂಪಿನ ಸರ್ಟಿಫಿಕೇಟ್ ಇರುವುದು. ಸಂಘದ ತಪಾಸಣೆಯವರೇ ಪ್ರತಿ ತೋಟ ನೋಡಿ ಬರೆದಿಡುತ್ತಾರೆ, ಹೊರಗಿನವರು ಬಂದು ಕೆಲವನ್ನು ಮರುಪರೀಕ್ಷೆ ಮಾಡುತ್ತಾರೆ. ಯುರೋಪಿನ ಹೊಸ ನಿಯಮದಲ್ಲಿ ಇಂಥ ಒಂದು ಗುಂಪಿಗೆ ಗರಿಷ್ಠ 2,000 ಸದಸ್ಯರು. ಒಬ್ಬರು ಗುಟ್ಟಾಗಿ ಕಳೆನಾಶಕ ಹೊಡೆದು ಸಿಕ್ಕಿಬಿದ್ದರೆ ಎಲ್ಲರ ಸರ್ಟಿಫಿಕೇಟಿಗೂ ಕುತ್ತು ಬರಬಹುದು. ಪಕ್ಕದವರು ಯಾರು ಅಂತ ನೋಡಿಕೊಂಡು ಸಹಿ ಹಾಕಿ.

ಗೊಬ್ಬರವೇ ಹಾಕದೆ ಗಿಡವನ್ನು ಉಪವಾಸ ಕೆಡವುವುದು ಸಾವಯವ ಅಲ್ಲ. ಒಂದು ಕೆಜಿ ಬೀಜಕ್ಕೆ ಐದಾರು ಕೆಜಿ ಹಣ್ಣು ತೋಟದಿಂದ ಹೊರಗೆ ಹೋಗಿರುತ್ತದೆ. ಸಂಘದಲ್ಲಿ ಉಳಿದ ಸಿಪ್ಪೆ ಕಾಂಪೋಸ್ಟ್ ಆಗಿ ನಿಮ್ಮ ತೋಟಕ್ಕೆ ವಾಪಸ್ ಬರುತ್ತದಾ ಕೇಳಿ. ಹಾಗೇ ಪಲ್ಪಿಂಗ್ ಮನೆಯ ಹಿಂದಕ್ಕೂ ಒಮ್ಮೆ ನಡೆದು ಹೋಗಿ. ತೊಳೆದ ನೀರನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ ಅದು ನೀರಿನ ಆಮ್ಲಜನಕ ಹೀರಿ ಮೀನು ಸಾಯಿಸುತ್ತದೆ. ಮುಂದಿನ ಗೋಡೆಯಲ್ಲಿ ಹಸಿರು ಎಲೆಯ ಬೋರ್ಡು, ಹಿಂದೆ ಕಪ್ಪು ನೀರು: ಎರಡನ್ನೂ ಒಂದೇ ದಿನ ನೋಡಿದ್ದೇನೆ.

ಪ್ರಶ್ನೆ: ಷೇರು ಹಣ ಕಟ್ಟಿ ಸೇರಿದೆ. ಬಿಟ್ಟರೆ ವಾಪಸ್ ಬರುತ್ತದಾ?

ಉತ್ತರ: ನಿಮ್ಮ ಸಂಘದ ಉಪನಿಯಮದಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ವರ್ಷದ ಲೆಕ್ಕ ಮುಗಿದ ಮೇಲೆ ಕಟ್ಟಿದಷ್ಟೇ ಕೊಡುತ್ತಾರೆ. ಅರ್ಜಿಯನ್ನು ಬರಹದಲ್ಲೇ ಕೊಡಿ, ತಾರೀಕು ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ.