ಅಮ್ಮನ ಆರೈಕೆಯಲ್ಲಿ ಪರಿಹಾರದ ಗಡುವು ಮೀರಿತು. ಇನ್ನೂ ದಾರಿ ಇದೆಯೇ?

ಪ್ರಶ್ನೆ: ನಮ್ಮ ತಂದೆ 2021ರ ಮೇ 9ರಂದು ಕೋವಿಡ್‌ನಿಂದ ಮನೆಯಲ್ಲೇ ತೀರಿಕೊಂಡರು. ಆಗ ನನಗೆ 17 ವರ್ಷ. ಲಕ್ವ ಹೊಡೆದು ಹಾಸಿಗೆ ಹಿಡಿದಿರುವ ತಾಯಿಯನ್ನು ಅಂದಿನಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಈ ಜೂನ್ ಮೊದಲ ವಾರ ಪರಿಹಾರದ ಅರ್ಜಿ ಕೊಡಲು ಹೋದಾಗ ಅವಧಿ ಮುಗಿದಿದೆ ಎಂದು ವಾಪಸು ಕಳುಹಿಸಿದರು. ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ಎಂದೂ ನಮೂದಾಗಿಲ್ಲ. ಮುಂದೇನು ಮಾಡಲಿ?
– ಓದುಗ, ಕಾಮಾಕ್ಷಿಪಾಳ್ಯ, ಬೆಂಗಳೂರು (ಜೂನ್ 2022)

ಉತ್ತರ: ಅವಧಿ ಮುಗಿದಿರುವುದು ನಿಜ, ಆದರೆ ಬಾಗಿಲು ಮುಚ್ಚಿಲ್ಲ. 2022ರ ಮಾರ್ಚ್ 20ಕ್ಕೆ ಮೊದಲು ಸಂಭವಿಸಿದ ಸಾವುಗಳಿಗೆ 50,000 ರೂಪಾಯಿ ಪರಿಹಾರ ಕೋರಲು ಸುಪ್ರೀಂ ಕೋರ್ಟ್ ಮಾರ್ಚ್ 24ರಿಂದ 60 ದಿನಗಳ ಕಾಲಾವಕಾಶ ನೀಡಿತ್ತು. ಅದು ಮೇ ಕೊನೆಯ ವಾರದಲ್ಲಿ ತೀರಿತು. ಅದೇ ಆದೇಶದಲ್ಲಿ, ತೀವ್ರ ಸಂಕಷ್ಟದಿಂದ ಗಡುವಿನೊಳಗೆ ಅರ್ಜಿ ಸಲ್ಲಿಸಲಾಗದವರು ಜಿಲ್ಲಾ ಕುಂದುಕೊರತೆ ಪರಿಹಾರ ಸಮಿತಿಯ ಮುಂದೆ ಹೋಗಬಹುದು, ಸಮಿತಿ ಪ್ರತಿ ಪ್ರಕರಣವನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು ಎಂದೂ ಹೇಳಿದೆ. ನಿಮ್ಮ ದಾರಿ ಇದು.

ಸ್ಕಾಟ್ಲೆಂಡಿನಲ್ಲಿ ಮನೆಯವರ ಆರೈಕೆ ಮಾಡುವ 16ರಿಂದ 18 ವರ್ಷದವರಿಗೆಂದೇ ಒಂದು ಅನುದಾನವಿದ್ದು, ಕೊರೊನಾದಿಂದ ತಡವಾದ ಅರ್ಜಿಗಳನ್ನು ಸ್ವೀಕರಿಸಲು 2020ರಲ್ಲಿ ಕಾನೂನನ್ನೇ ಸಡಿಲಿಸಿದರು. ನಮ್ಮ ಪರಿಹಾರದ ನಿಯಮಗಳಲ್ಲಿ ಆರೈಕೆ ಮಾಡುವ ಹುಡುಗರೆಂಬ ವರ್ಗವೇ ಇಲ್ಲ. ಆದ್ದರಿಂದ ನಿಮ್ಮ ಕಷ್ಟವನ್ನು ನೀವೇ ಕಾಗದದ ಮೇಲೆ ಕಾಣಿಸಬೇಕು. ‘ಅನಿವಾರ್ಯ ಕಾರಣಗಳಿಂದ ವಿಳಂಬವಾಯಿತು’ ಎಂಬ ಸಿದ್ಧ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ಅದನ್ನು ಓದಿದ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ತಾಯಿಯನ್ನು ದಿನಕ್ಕೆ ಎಷ್ಟು ಸಲ ಮಗ್ಗುಲು ಬದಲಿಸಿ ಮಲಗಿಸಬೇಕು, ಊಟ ಯಾರು ಮಾಡಿಸುತ್ತಾರೆ, ನೀವು ಹೊರಗೆ ಹೋದರೆ ಅವರ ಬಳಿ ಯಾರಿರುತ್ತಾರೆ ಎಂಬುದನ್ನು ಬರೆದು, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಫಿಸಿಯೋಥೆರಪಿ ಚೀಟಿ, ಕಾಲೇಜಿನ ಹಾಜರಾತಿ ದಾಖಲೆಗಳನ್ನು ಲಗತ್ತಿಸಿ.

ಮರಣ ಪ್ರಮಾಣಪತ್ರದ ಬಗ್ಗೆ ಚಿಂತೆ ಬೇಡ. ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದರಲ್ಲಿ ಸಾವಿನ ಕಾರಣ ತೋರಿಸುವಂತೆಯೇ ಇಲ್ಲ (ಪ್ರಮಾಣಪತ್ರದಲ್ಲಿ ಕಾರಣ ಎಲ್ಲಿ ಎಂದು ಕೇಳುವ ಸಿಬ್ಬಂದಿಗೂ ಎಷ್ಟೋ ಸಲ ಈ ನಿಯಮ ಗೊತ್ತಿರುವುದಿಲ್ಲ). ಸೋಂಕು ದೃಢಪಟ್ಟ 30 ದಿನಗಳೊಳಗೆ ಸಂಭವಿಸಿದ ಸಾವು, ಆಸ್ಪತ್ರೆಯ ಹೊರಗೆ ಆಗಿದ್ದರೂ, ಕೋವಿಡ್ ಸಾವೆಂದೇ ಪರಿಗಣಿತವಾಗುತ್ತದೆ. ಹಾಗಾಗಿ ನಿಮಗೆ ಮುಖ್ಯವಾದದ್ದು ಪಾಸಿಟಿವ್ ವರದಿ. ಅದು ಕಳೆದುಹೋಗಿದ್ದರೆ ತಂದೆಯ ಹಳೆಯ ಮೊಬೈಲ್ ತೆಗೆದು ಎಸ್‌ಎಂಎಸ್‌ಗಳನ್ನು ನೋಡಿ. ಎಸ್‌ಆರ್‌ಎಫ್ ಸಂಖ್ಯೆ (ಪರೀಕ್ಷೆಗೆ ಮಾದರಿ ಕೊಟ್ಟಾಗ ಸಿಗುತ್ತಿದ್ದ ಗುರುತಿನ ಸಂಖ್ಯೆ) ಅಥವಾ ಬಿಯು ನಂಬರ್ (ಬೆಂಗಳೂರಿನಲ್ಲಿ ಸೋಂಕಿತರಿಗೆ ಕೊಡುತ್ತಿದ್ದ ಸಂಖ್ಯೆ) ಸಿಕ್ಕಿದರೆ ವರದಿಯ ಜಾಡು ಹಿಡಿಯಬಹುದು. ಆ ಸಿಮ್ ಅನ್ನು ಸದ್ಯಕ್ಕೆ ರದ್ದು ಮಾಡಿಸಬೇಡಿ.

ಅರ್ಜಿ ತಾಯಿಯ ಹೆಸರಿನಲ್ಲಿರಲಿ, ಏಕೆಂದರೆ ಮೊದಲ ಹಕ್ಕುದಾರರು ಅವರು. ಸಹಿ ಮಾಡಲಾಗದಿದ್ದರೆ ಸಾಕ್ಷಿಗಳ ಎದುರು ಹೆಬ್ಬೆಟ್ಟಿನ ಗುರುತು ಹಾಕಿಸಿ. ನಿಮ್ಮದು ಬಿಪಿಎಲ್ ಕುಟುಂಬವಾಗಿದ್ದರೆ ರಾಜ್ಯ ಸರ್ಕಾರ ಪ್ರಕಟಿಸಿದ 1 ಲಕ್ಷ ರೂಪಾಯಿಯನ್ನೂ ಅದರಲ್ಲೇ ಕೋರಿ. ಸಂಗತಿಗಳನ್ನು ಹಿಗ್ಗಿಸಿ ಬರೆಯುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ: ಸುಳ್ಳು ಕ್ಲೇಮಿಗೆ ವಿಪತ್ತು ನಿರ್ವಹಣಾ ಕಾಯ್ದೆಯ 52ನೇ ಸೆಕ್ಷನ್ ಅಡಿ ಎರಡು ವರ್ಷದವರೆಗೆ ಜೈಲು ಶಿಕ್ಷೆಯಿದೆ.

ಅರ್ಜಿಯನ್ನು ಜಿಲ್ಲಾಧಿಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.