ದ್ವೀಪದ ಆಸ್ಪತ್ರೆಗೆ ಹೊರಡುವ ಮುನ್ನ

ಪ್ರಶ್ನೆ: ಆರು ವರ್ಷಗಳಿಂದ ದೊಡ್ಡ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದೇನೆ. ದೂರದ ದ್ವೀಪವೊಂದರ ಪುಟ್ಟ ಊರಿನಿಂದ ಕೆಲಸದ ಕರೆ ಬಂದಿದೆ. ಒಪ್ಪುವ ಮೊದಲು ಏನನ್ನು ವಿಚಾರಿಸಬೇಕು?

ಉತ್ತರ: ಸಂಬಳದ ಮಾತಿಗಿಂತ ಮೊದಲು, ಹವಾಮಾನ ಕೆಟ್ಟು ಹಡಗೂ ವಿಮಾನವೂ ನಿಂತ ದಿನ ತೀವ್ರ ಅಸ್ವಸ್ಥರನ್ನು ಮುಖ್ಯಭೂಮಿಗೆ ಹೇಗೆ ಸಾಗಿಸುತ್ತಾರೆ, ಅಲ್ಲಿಯವರೆಗೆ ನಿಮ್ಮ ಜೊತೆ ಯಾರಿರುತ್ತಾರೆ, ಫೋನಿನಲ್ಲಿ ಸಲಹೆ ನೀಡುವ ತಜ್ಞರು ಯಾರು ಎಂಬುದನ್ನು ಕೇಳಿ ತಿಳಿಯಿರಿ. ರಕ್ತದ ವಿಷಯವನ್ನೇ ನೋಡಿ: ಕೆಂಪು ರಕ್ತಕಣಗಳನ್ನು ಶೀತಲೀಕರಿಸಿ ಸುಮಾರು 42 ದಿನ ಇಡಬಹುದಾದರೂ ಪ್ಲೇಟ್‌ಲೆಟ್‌ಗಳು 5ರಿಂದ 7 ದಿನಗಳಷ್ಟೇ ಬಾಳುವುದರಿಂದ, ದೂರದ ಊರುಗಳಲ್ಲಿ ಕೆಲವೊಮ್ಮೆ ಮೊದಲೇ ಪರೀಕ್ಷಿಸಿಟ್ಟ ದಾನಿಗಳ ಪಟ್ಟಿಯೇ ಆಸರೆ. ಹೆಚ್ಚಿನ ಲಸಿಕೆಗಳಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಜನರೇಟರ್ ಇದೆಯೇ ಎಂದು ವಿಚಾರಿಸಿ.

ಆದರೆ ನನಗೆ ಹೆಚ್ಚು ಕಾಳಜಿಯಿರುವುದು ನಿಮ್ಮ ಬಗ್ಗೆ. ಬೆಳಿಗ್ಗೆ ನೀವು ಗಾಯ ಹೊಲಿದವರೇ ಸಂಜೆ ಅಂಗಡಿಯ ಸಾಲಿನಲ್ಲಿ ನಿಮ್ಮ ಹಿಂದೆ ನಿಂತು ಕೈ ತೋರಿಸುತ್ತಾರೆ. ಅಲ್ಲಿ ಕೆಲಸಕ್ಕೂ ಬಿಡುವಿಗೂ ನಡುವೆ ಗೋಡೆಯಿಲ್ಲ. ರಜೆಯಲ್ಲಿ ನಿಮ್ಮ ಬದಲಿಗೆ ಬರುವವರು ಯಾರೆಂದು ಲಿಖಿತವಾಗಿ ಪಡೆಯಿರಿ. ಸಾಧ್ಯವಾದರೆ, ಆ ಹುದ್ದೆಯನ್ನು ಬಿಟ್ಟುಬಂದವರೊಬ್ಬರ ಬಳಿ ಒಂದು ಗಂಟೆ ಮಾತಾಡಿ.