ಮನೆಯವರು ಏಕಾದಶಿಯನ್ನು ಅರೆಬರೆ ಮಾಡುತ್ತಾರೆ, ಅವರನ್ನು ಕಟ್ಟುನಿಟ್ಟಿಗೆ ತರುವುದು ಹೇಗೆ?

ನೀವು ಹನಿ ನೀರೂ ಮುಟ್ಟುವುದಿಲ್ಲ, ಅಮ್ಮ ಹಾಲು ಹಣ್ಣು ತೆಗೆದುಕೊಳ್ಳುತ್ತಾರೆ, ತಮ್ಮ ಅವಲಕ್ಕಿ ತಿನ್ನುತ್ತಾನೆ. ನಂಬಿಕೆ ಇದ್ದೂ ನಿಯಮ ಸಡಿಲಿಸುವುದು ಬೂಟಾಟಿಕೆ ಅಲ್ಲವೇ ಎಂದು ಕೇಳಿದ್ದೀರಿ. ಈ ಪ್ರಶ್ನೆಯನ್ನು ನಾನು ಯಾರನ್ನೂ ಕೇಳಿರಲಿಲ್ಲ. ಉತ್ತರ ಗೊತ್ತಿದೆ ಎಂದುಕೊಂಡು ನೇರವಾಗಿ ಜಾರಿಗೆ ತಂದಿದ್ದೆ.

ನಮ್ಮದು ಮಾಧ್ವರ ಮನೆ. ಪದವಿ ಮುಗಿದು ಕೆಲಸ ಸಿಗದೆ ಕುಳಿತಿದ್ದ ಕಾಲದಲ್ಲಿ ನನಗೆ ಸಂಜೆಯ ಪ್ರವಚನಗಳ ರುಚಿ ಹತ್ತಿತು. ಸಂಧ್ಯಾವಂದನೆ ಮತ್ತೆ ಶುರುವಾಯಿತು, ಅದು ಒಳ್ಳೆಯದೇ. ಆಮೇಲೆ ಪಂಚಾಂಗ ಕೈಗೆ ಬಂತು. ಸೂರ್ಯೋದಯಕ್ಕೆ ನಾಲ್ಕು ಗಳಿಗೆ, ಅಂದರೆ 96 ನಿಮಿಷ ಮೊದಲು ಅರುಣೋದಯ. ಆ ಹೊತ್ತಿಗೆ ದಶಮಿಯ ಸೋಂಕಿದ್ದರೆ ವೈಷ್ಣವರಿಗೆ ಉಪವಾಸ ಮರುದಿನ. ಈ ಲೆಕ್ಕ ಹಾಕುವುದರಲ್ಲಿ ನನಗಿದ್ದ ಆನಂದ ದೇವರ ಮುಂದೆ ಕುಳಿತಾಗ ಇರುತ್ತಿರಲಿಲ್ಲ. ಪಕ್ಕದ ಸ್ಮಾರ್ತರ ಮನೆಯವರು ಒಂದು ದಿನ ಮೊದಲೇ ಏಕಾದಶಿ ಮುಗಿಸಿದರೆ, ಅವರ ಪದ್ಧತಿಯೇ ಬೇರೆ ಎಂದು ಗೊತ್ತಿದ್ದೂ ಒಳಗೊಳಗೇ ನಗುತ್ತಿದ್ದೆ.

ಮನೆಯಲ್ಲಿ ನನ್ನ ಕಣ್ಣು ಬಿದ್ದದ್ದು ಸೋದರತ್ತೆಯ ಮೇಲೆ. ಅಪ್ಪನನ್ನು ತಿದ್ದುವ ಧೈರ್ಯವಿರಲಿಲ್ಲ, ತಮ್ಮನನ್ನು ತಿದ್ದಿದರೆ ತಿರುಗಿ ಬೀಳುತ್ತಿದ್ದ. ಅತ್ತೆ ಮಾತ್ರ ಕೇಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ನಮ್ಮೊಂದಿಗೇ ಇದ್ದವರು, ನನ್ನನ್ನು ಎತ್ತಿ ಆಡಿಸಿದವರು. ಹುಡುಗಿಯಾಗಿದ್ದಾಗಿನಿಂದ ನಿರ್ಜಲ ಏಕಾದಶಿ ಮಾಡಿದವರು. ಸಕ್ಕರೆ ಕಾಯಿಲೆ ಬಂದ ಮೇಲೆ ವೈದ್ಯರು ಬರಿ ಹೊಟ್ಟೆಯಲ್ಲಿ ಇರಲೇಬಾರದು ಎಂದಿದ್ದರಿಂದ, ಏಕಾದಶಿಯಂದು ಒಂದು ಲೋಟ ಹಾಲು, ಒಂದು ಹಣ್ಣು ತೆಗೆದುಕೊಳ್ಳುತ್ತಿದ್ದರು. ಅದರ ಬಗ್ಗೆ ಅವರಿಗೇ ಸಂಕೋಚವಿತ್ತು. ಆ ಸಂಕೋಚ ನನಗೆ ಕಾಣಿಸುತ್ತಿತ್ತು, ನಾನು ಕೈಹಾಕಿದ್ದು ಅಲ್ಲಿಗೇ.

ಒಂದು ದಶಮಿಯ ರಾತ್ರಿ ನೆಂಟರೂ ಇದ್ದಾಗ ಕೇಳಿದೆ: "ಹಾಲು ಕುಡಿದ ಮೇಲೆ ಅದು ಉಪವಾಸ ಹೇಗಾಗುತ್ತದೆ ಅತ್ತೆ? ಎಂಟು ವರ್ಷ ದಾಟಿದ, ಎಂಬತ್ತು ತುಂಬದ ಪ್ರತಿಯೊಬ್ಬರೂ ಉಪವಾಸ ಮಾಡಬೇಕು ಎಂದಿದೆ. ನಿಮಗೆ ಎಂಬತ್ತಾಗಿಲ್ಲವಲ್ಲ."

ಅತ್ತೆ ತಟ್ಟೆಯಿಂದ ತಲೆ ಎತ್ತದೆ ಕೇಳಿದರು, "ಮಾತ್ರೆ ಏನು ಮಾಡಲಪ್ಪ?"

"ಔಷಧಕ್ಕೆ ದೋಷವಿಲ್ಲ, ಮಾತ್ರೆಯನ್ನು ಧಾರಾಳವಾಗಿ ತೆಗೆದುಕೊಳ್ಳಿ" ಎಂದು ಅಪ್ಪಣೆ ಕೊಟ್ಟೆ.

ಈ ಒಂದು ವಾಕ್ಯದ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಸಹಿಸಿಕೊಳ್ಳಿ. ಔಷಧಕ್ಕೆ ದೋಷವಿಲ್ಲ ಎಂಬುದನ್ನು ನಾನು ಕಲ್ಪಿಸಿ ಹೇಳಿರಲಿಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ, ವಿದುರನ ಮಾತಿನಲ್ಲಿ, ವ್ರತವನ್ನು ಕೆಡಿಸದ ಎಂಟು ಸಂಗತಿಗಳ ಪಟ್ಟಿಯಿದೆ: ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಕೋರಿಕೆ, ಗುರುವಿನ ಮಾತು, ಔಷಧ. ನಾನು ಕೊನೆಯದನ್ನು ಹಿಡಿದುಕೊಂಡೆ. ಅದೇ ಸಾಲಿನಲ್ಲಿ ಕುಳಿತಿದ್ದ ಹಾಲು ಹಣ್ಣುಗಳನ್ನು ಬಿಟ್ಟುಬಿಟ್ಟೆ. ಏಕೆಂದರೆ ಹಾಲು ಹಣ್ಣು ನನ್ನ ಕಣ್ಣಿಗೆ ನಾಲಿಗೆಯ ಚಪಲದಂತೆ ಕಾಣುತ್ತಿತ್ತು, ಮಾತ್ರೆ ಹಾಗೆ ಕಾಣುತ್ತಿರಲಿಲ್ಲ. ಶಾಸ್ತ್ರ ಒಪ್ಪಿದ್ದನ್ನು ನನ್ನ ಅಭಿರುಚಿ ತಿರಸ್ಕರಿಸಿತು, ಆ ತಿರಸ್ಕಾರವನ್ನೇ ಕಟ್ಟುನಿಟ್ಟು ಎಂದು ಕರೆದುಕೊಂಡೆ.

ಶರೀರದ ಮಟ್ಟಿಗೆ ಇದಕ್ಕಿಂತ ಕೆಟ್ಟ ಜೋಡಣೆ ಇರಲಾರದು. ಎರಡನ್ನೂ ಬಿಡಿ ಎಂದಿದ್ದರೆ ಸಕ್ಕರೆ ಏರುತ್ತಿತ್ತೇನೋ. ನಾನು ಊಟ ಬಿಡಿಸಿ ಮಾತ್ರೆ ಉಳಿಸಿದ್ದೆ. ಅತ್ತೆ ತೆಗೆದುಕೊಳ್ಳುತ್ತಿದ್ದುದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಬಗೆಯದು. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ಅದು ನೋಡುವುದಿಲ್ಲ, ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಒಳಗೆ ಬರುವ ಸಕ್ಕರೆ ನಿಂತಿದೆ, ಇದ್ದದ್ದೂ ಇಳಿಯುತ್ತಿದೆ. ಸಕ್ಕರೆ ಕಾಯಿಲೆಯ ಎಲ್ಲ ಮಾತ್ರೆಗಳೂ ಹೀಗಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಅಪ್ಪಣೆ ಕೊಡುವಾಗ ಅದು ಯಾವ ಮಾತ್ರೆ ಎಂದು ಕೇಳಬೇಕೆಂದೂ ನನಗೆ ಹೊಳೆದಿರಲಿಲ್ಲ. ತಿಥಿ ಯಾವಾಗ ಮುಗಿಯುತ್ತದೆ ಎಂಬುದು ನಿಮಿಷದ ಲೆಕ್ಕದಲ್ಲಿ ಗೊತ್ತಿತ್ತು, ಅತ್ತೆ ನುಂಗುತ್ತಿದ್ದ ಗುಳಿಗೆಯ ಹೆಸರು ಗೊತ್ತಿರಲಿಲ್ಲ.

ಮರುದಿನ ಅತ್ತೆ ತೀರ್ಥ ತೆಗೆದುಕೊಂಡು ಮಾತ್ರೆ ನುಂಗಿದರು, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಬೆವರು, ಕೈನಡುಕ. ಉಪವಾಸದ ನಿತ್ರಾಣ ಎಂದುಕೊಂಡೆವು. ಆಮೇಲೆ ಮಾತು ತೊದಲಿತು, ನನ್ನನ್ನು ತೀರಿಕೊಂಡ ಮಾವನ ಹೆಸರಿನಿಂದ ಕರೆದರು. ಪಕ್ಕದ ಮನೆಯಾಕೆ ಬಂದು ನೋಡಿ, ಸಕ್ಕರೆ ನೀರು ತನ್ನಿ ಎಂದು ಕೂಗಿದರು. ಒಳಗೆ ಹೋಗುವ ಮೊದಲು ಒಂದು ಕ್ಷಣ ನಾನು ತಡೆದೆ, ವ್ರತ ಭಂಗವಾಗುತ್ತದಲ್ಲ ಎಂದು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ ಮೇಲೆ ಎಚ್ಚರ ತಿಳಿಯಾಯಿತು. ಆದರೂ ರಾತ್ರಿಯಿಡೀ ಅಲ್ಲೇ ಇರಿಸಿಕೊಂಡರು, ಆ ಬಗೆಯ ಮಾತ್ರೆ ಸಕ್ಕರೆಯನ್ನು ಮತ್ತೆ ಇಳಿಸಬಹುದಂತೆ.

ಅತ್ತೆ ಚೇತರಿಸಿಕೊಂಡರು. ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಆ ಮೇಲೆ ನನ್ನೆದುರು ಏಕಾದಶಿಯ ವಿಷಯವನ್ನೇ ಎತ್ತಲಿಲ್ಲ. ಹಾಲನ್ನು ಕೋಣೆಯ ಬಾಗಿಲು ಹಾಕಿಕೊಂಡು ಕುಡಿದು ಲೋಟ ತೊಳೆದಿಡುತ್ತಿದ್ದರು. ಅಷ್ಟು ಪ್ರೀತಿಯಿಂದ ಮಾಡಿಕೊಂಡು ಬಂದ ವ್ರತ ಅವರಿಗೆ ಕದ್ದು ಮಾಡುವ ಕೆಲಸವಾಯಿತು. ಕೊನೆಯವರೆಗೂ ಹಾಗೆಯೇ ಇತ್ತು.

ಇಷ್ಟಾದ ಮೇಲೂ ನನ್ನ ಅಹಂಕಾರ ಪೂರ್ತಿ ಇಳಿದಿರಲಿಲ್ಲ. ಪ್ರಾಯಶ್ಚಿತ್ತ ಯಾರಿಗೆ, ಅತ್ತೆಗೋ ನನಗೋ ಎಂದು ಕೇಳಲು ನಮಗೆ ಪಾಠ ಹೇಳುತ್ತಿದ್ದ ಹಿರಿಯ ಆಚಾರ್ಯರ ಮನೆಗೆ ಹೋದೆ. ಅಂದೂ ಏಕಾದಶಿ. ಆ ವಯಸ್ಸಿನಲ್ಲೂ ಅವರು ನೀರು ಮುಟ್ಟದವರು. ನಾನು ಹೋದಾಗ ಒಲೆಯ ಮುಂದೆ ನಿಂತು ಕಾಯಿಲೆಯ ಹೆಂಡತಿಗೆ ತಾವೇ ಹಾಲು ಕಾಯಿಸುತ್ತಿದ್ದರು. ಕಥೆ ಪೂರ್ತಿ ಕೇಳಿ, "ಆ ಶ್ಲೋಕದಲ್ಲಿ ಎಂಟು ಇವೆಯಲ್ಲ, ಉಳಿದ ಏಳನ್ನು ನೀವು ಯಾರಿಗೆ ದಾನ ಮಾಡಿದಿರಿ?" ಎಂದರು. ಪ್ರಾಯಶ್ಚಿತ್ತದ ಮಾತು ಅಲ್ಲಿಗೇ ನಿಂತಿತು.

ಹಾಗಾಗಿ ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ನೀವು ಪೂರ್ಣ, ಅಮ್ಮ ಅರ್ಧ ಎಂಬ ಲೆಕ್ಕ ಎಲ್ಲಿಂದ ಬಂತು? ಉಪವಾಸ ಆಗದವರಿಗೆ ಫಲಾಹಾರ, ರಾತ್ರಿ ಮಾತ್ರ ಉಣ್ಣುವ ನಕ್ತ, ವ್ರತಕ್ಕೆ ಒಪ್ಪುವ ಸಾತ್ವಿಕ ಊಟವಾದ ಹವಿಷ್ಯಾನ್ನ ಹೀಗೆ ಮೆಟ್ಟಿಲುಗಳನ್ನು ಕಟ್ಟಿದ್ದು ಶಾಸ್ತ್ರವೇ. ಹಸಿವು ತಾಳದ ಭೀಮನಿಗಾಗಿ ವ್ಯಾಸರು ವರ್ಷದ ಏಕಾದಶಿಗಳನ್ನೆಲ್ಲ ಜ್ಯೇಷ್ಠ ಶುಕ್ಲದ ಒಂದೇ ನಿರ್ಜಲ ಏಕಾದಶಿಗೆ ಇಳಿಸಿಕೊಟ್ಟರೆಂದು ಕಥೆಯಿದೆ. ಭೀಮನನ್ನು ಯಾರೂ ಬೂಟಾಟಿಕೆಯವನು ಎನ್ನುವುದಿಲ್ಲ. ನಮ್ಮಲ್ಲಿ ಮಾತ್ರ ಹೀಗೆ ಎಂದೂ ಅಲ್ಲ. ರಂಜಾನ್‌ನಲ್ಲಿ ಕಾಯಿಲೆಯವರು, ಪ್ರಯಾಣದಲ್ಲಿರುವವರು ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ತೀರಿಸಬಹುದು ಎಂದು ಕುರಾನೇ ಹೇಳುತ್ತದೆ. ಜೈನರು ಅದೇ ಐದು ವ್ರತಗಳನ್ನು ಮುನಿಗಳಿಗೆ ಪೂರ್ಣರೂಪದ ಮಹಾವ್ರತವಾಗಿ, ಗೃಹಸ್ಥರಿಗೆ ಸಡಿಲಿಸಿದ ಅಣುವ್ರತವಾಗಿ ಕೊಟ್ಟಿದ್ದಾರೆ. ವಿನಾಯಿತಿಯನ್ನು ಬರೆದವರು ಸೋಮಾರಿಗಳಲ್ಲ, ನಿಯಮವನ್ನು ಬರೆದವರೇ. ಅದನ್ನು ಅಳಿಸಿಹಾಕಿ ಓದುವವನು ನಿಯಮವನ್ನು ಪಾಲಿಸುತ್ತಿಲ್ಲ, ತಿದ್ದುತ್ತಿದ್ದಾನೆ.

ಆಸ್ತಿಕರು ನಿಜಕ್ಕೂ ಎಷ್ಟು ಕಟ್ಟುನಿಟ್ಟಾಗಿರುತ್ತಾರೆ ಎಂದರೆ, ನಾನು ಕಂಡಂತೆ, ನಾಲ್ಕು ಜನ ನೋಡುವ ನಿಯಮದಲ್ಲಿ ಬಹಳ ಕಟ್ಟುನಿಟ್ಟು. ತಟ್ಟೆ ಎಲ್ಲರಿಗೂ ಕಾಣುತ್ತದೆ. ವ್ರತಗಳಿಗೆಲ್ಲ ಸಾಮಾನ್ಯವಾಗಿ ಹೇಳಿದ ಹತ್ತು ಧರ್ಮಗಳಲ್ಲಿ ಮೊದಲ ಮೂರು ಕ್ಷಮೆ, ಸತ್ಯ, ದಯೆ. ನೆಂಟರೆದುರು ಅತ್ತೆಯನ್ನು ತಲೆತಗ್ಗಿಸುವಂತೆ ಮಾಡಿದ ನಾನು ಮರುದಿನ ಹನಿ ನೀರು ಕುಡಿದಿರಲಿಲ್ಲ. ಮೂರರಲ್ಲಿ ಎರಡು ದಶಮಿಯ ರಾತ್ರಿಯೇ ಮುರಿದುಬಿದ್ದಿದ್ದವು, ಅದನ್ನು ಯಾರೂ ಲೆಕ್ಕ ಹಾಕಲಿಲ್ಲ.

ನೀವು ನಿರ್ಜಲವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ನಾನೂ ಬಿಟ್ಟಿಲ್ಲ, ದೇಹ ನಡೆಸಿಕೊಡುವಷ್ಟು ದಿನ ಮಾಡುತ್ತೇನೆ. ಮನೆಯವರಿಗೆ ಒಂದು ಸಾಲು ಉಪದೇಶವೂ ಬೇಡ, ಮುಖ ಗಂಟಿಕ್ಕಿಕೊಂಡು ಮೌನವಾಗಿ ಮಾಡುವ ಉಪದೇಶವಂತೂ ಬೇಡವೇ ಬೇಡ. ಅಮ್ಮನವರಿಗೆ ಕಾಯಿಲೆ ಏನಾದರೂ ಇದೆಯೇ ಎಂದು ನೀವು ಬರೆದಿಲ್ಲ. ಮಾತ್ರೆ ತೆಗೆದುಕೊಳ್ಳುವವರಾದರೆ, ಉಪವಾಸದ ದಿನ ಅದನ್ನು ಎಷ್ಟು, ಯಾವ ಹೊತ್ತಿಗೆ, ಏನು ತಿಂದು ತೆಗೆದುಕೊಳ್ಳಬೇಕು ಎಂದು ಮುಂದಿನ ಏಕಾದಶಿಗೆ ಮೊದಲೇ ವೈದ್ಯರನ್ನು ಕೇಳಿ, ನೀವೂ ಜೊತೆಗೆ ಹೋಗಿ. ತಮ್ಮನ ಅವಲಕ್ಕಿಯ ಬಗ್ಗೆ ಹೇಳುವುದಾದರೆ, ಅವನಿಗೆ ಹಸಿವಾಗಿರುತ್ತದೆ, ತಿನ್ನಲಿ ಬಿಡಿ.